ತಮ್ಮನ ಓಟು, ನನ್ನ ಕೊಸರು

ನಾನು ಪುಕ್ಕಲು ಹೆಂಗಸು. ಇದನ್ನು ಮೊದಲೇ ಹೇಳಿಬಿಟ್ಟರೆ ಓದುವವರಿಗೂ ಅನುಕೂಲ, ನನಗೂ ಹಗುರ. ವಿದೇಶಕ್ಕೆ ಹೋಗಿಬಂದವರು ಕಾಂಗರೂ, ಕಡಲು, ಎತ್ತರದ ಸೇತುವೆ ಎಂದೆಲ್ಲ ಬರೆಯುತ್ತಾರೆ. ನಾನು ಆಸ್ಟ್ರೇಲಿಯಾದಲ್ಲಿ ನೋಡಬೇಕಾದ್ದರಲ್ಲಿ ಅರ್ಧವನ್ನು ಕಾರಿನ ಹಿಡಿ ಗಟ್ಟಿಯಾಗಿ ಹಿಡಿದು, ಕಣ್ಣು ಮುಚ್ಚಿಕೊಂಡೇ ದಾಟಿದೆ. ಕಾಂಗರೂ ಕಂಡಿತಾ ಎಂದು ಮಾತ್ರ ಕೇಳಬೇಡಿ.

ಹೋದ ಕಾರಣವೂ ಹೆದರಿಕೆಯೇ. ನನ್ನ ತಮ್ಮ ಮಾದೇಶ ಬ್ರಿಸ್ಬೇನಿನ ಹೊರವಲಯದ ಸ್ಪ್ರಿಂಗ್‌ಫೀಲ್ಡ್ ಲೇಕ್ಸ್‌ನಲ್ಲಿ ದಿನಸಿ ಅಂಗಡಿ ಇಟ್ಟುಕೊಂಡಿದ್ದಾನೆ. ಹೆಂಡತಿ ಸುಧಾ, ಕಾಲೇಜಿಗೆ ಹೋಗುವ ಮಗಳು ತನ್ವಿ, ಸ್ವಂತ ಮನೆ, ಅಂಗಡಿ ತುಂಬ ಗಿರಾಕಿಗಳು. ತಣ್ಣಗೆ ಇದ್ದವನು ಒಂದು ದಿನ ಫೋನು ಮಾಡಿ, "ಅಕ್ಕ, ಇಲ್ಲಿ ಕೌನ್ಸಿಲ್ ಎಲೆಕ್ಷನ್‌ಗೆ ಇಳೀತಾ ಇದೀನಿ ಕಣಕ್ಕ. ಪಾರ್ಟಿ ಗೀರ್ಟಿ ಏನಿಲ್ಲ, ಇಂಡಿಪೆಂಡೆಂಟ್" ಎಂದ. ಕೌನ್ಸಿಲ್ ಎಂದರೆ ನಮ್ಮ ಪುರಸಭೆಯಂಥದು. ಸಂತೆಗೆ ಹೋಗಿಬರುತ್ತೇನೆ ಎನ್ನುವಷ್ಟು ಸಲೀಸಾಗಿ ಹೇಳಿದ. ನಾನು ಕೈಯಲ್ಲಿದ್ದ ಕಾಫಿ ಲೋಟ ಕೆಳಗಿಟ್ಟೆ. ಇಡದಿದ್ದರೆ ತಾನಾಗಿಯೇ ಬೀಳುತ್ತಿತ್ತು.

ನಮ್ಮ ಮನೆಯಲ್ಲಿ ಚುನಾವಣೆ ಎಂಬ ಮಾತಿಗೆ ಒಂದು ವಾಸನೆಯಿದೆ. ಕೊಳ್ಳೇಗಾಲದಲ್ಲಿ ಅಪ್ಪನದೂ ದಿನಸಿ ಅಂಗಡಿಯೇ. ತೂಕ ಸರಿ, ಮಾತು ಸರಿ ಎಂದು ಜನ ಅವರನ್ನು ಹಿಡಿದು ಪುರಸಭೆಗೆ ಕಳಿಸಿದರು. ಒಂದು ಅವಧಿ ಹೇಗೋ ಕಳೆಯಿತು. ಎರಡನೆಯ ಸಲ ನಾಮಪತ್ರ ಹಾಕಿದ ಮರುದಿನ ಬೆಳಿಗ್ಗೆ ನೋಡಿದರೆ ಯಾರೋ ಅಂಗಡಿಯ ಹಿಂಬಾಗಿಲು ಮುರಿದು ಅಕ್ಕಿ ಮೂಟೆಗಳ ಮೇಲೆಲ್ಲ ಸೀಮೆಎಣ್ಣೆ ಸುರಿದಿದ್ದರು. ಕಡ್ಡಿ ಗೀರಿರಲಿಲ್ಲ. ಗೀರಬಹುದಿತ್ತು ಎಂದು ತಿಳಿಸಿ ಹೋಗಿದ್ದರು, ಅಷ್ಟೆ. ಅಪ್ಪ ಅಂದೇ ನಾಮಪತ್ರ ವಾಪಸು ತೆಗೆದುಕೊಂಡರು. ಅಕ್ಕಿ ಬಿಸಾಡಲು ಮನಸ್ಸಾಗದೆ ಅವ್ವ ಎಷ್ಟೋ ನೀರಿನಲ್ಲಿ ತೊಳೆದು ಬೇಯಿಸಿದಳು. ಒಂದು ತುತ್ತೂ ಗಂಟಲಲ್ಲಿ ಇಳಿಯಲಿಲ್ಲ.

ಮಾದೇಶ ಆಗ ಕೂಸು. ಅವನಿಗೆ ಆ ವಾಸನೆ ನೆನಪಿಲ್ಲ. ನನಗೂ ಅವ್ವನಿಗೂ ಮರೆತಿಲ್ಲ. ಸುದ್ದಿ ಕೇಳಿದ ಅವ್ವ, "ನೀ ಹೋಗು. ಹೋಗಿ ಅವ್ನ ಹುಚ್ಚು ಬಿಡ್ಸ್ಬುಟ್ಟು ಬಾ. ನಿನ್ ಮಾತು ಮೀರಲ್ಲ ಅವ್ನು" ಎಂದಳು. ನಿವೃತ್ತಿಯಾಗುವವರೆಗೂ ಹೈಸ್ಕೂಲು ಮಕ್ಕಳಿಗೆ ಪೌರನೀತಿ ಪಾಠ ಮಾಡಿದವಳು ನಾನು. ಪ್ರಜಾಪ್ರಭುತ್ವ ಎಂದರೇನು ಎಂದು ಕರಿಹಲಗೆಯ ಮೇಲೆ ಎಷ್ಟು ಸಲ ಬರೆದಿದ್ದೇನೋ. ಈಗ ನನ್ನ ತಮ್ಮನನ್ನೇ ಅದರಿಂದ ಬಿಡಿಸಿಕೊಂಡು ಬರಲು ವಿಮಾನ ಹತ್ತಬೇಕಾಯಿತು.

ಟಿಕೆಟು ಕಳಿಸಿದವನು ಅವನೇ. ನೇರವಾಗಿ ಬ್ರಿಸ್ಬೇನಿಗಲ್ಲ. "ನಾನು ಬಂದ ದಾರೀಲೇ ಬಾ ಅಕ್ಕ. ಮೊದ್ಲು ಪರ್ತ್, ಆಮೇಲೆ ಅಡಿಲೇಡ್, ಕೊನೇಲಿ ನಮ್ಮನೆ. ನಾನು ಹೆಂಗೆ ಬದುಕ್ದೆ ಅಂತ ನೋಡು, ಆಮೇಲೆ ಎಷ್ಟು ಬೇಕಾದ್ರೂ ಬೈಯಿ" ಎಂದ. ಮಾತಿನಲ್ಲಿ ನ್ಯಾಯ ಕಂಡಿತು. ಒಪ್ಪಿಕೊಂಡೆ.

ಪರ್ತ್

ವಿಮಾನ ನಿಲ್ದಾಣದಲ್ಲೇ ಮೊದಲ ಕುತ್ತು. ಈ ದೇಶದವರಿಗೆ ಹೊರಗಿನ ಮಣ್ಣು, ಬೀಜ, ಸೊಪ್ಪು ಕಂಡರೆ ಆಗುವುದಿಲ್ಲ. ಅವ್ವ ಮಾದೇಶನಿಗೆಂದು ಬೆಟ್ಟದ ಮಾದಪ್ಪನ ವಿಭೂತಿ ಕಟ್ಟಿಕೊಟ್ಟಿದ್ದಳು. ಪೆಟ್ಟಿಗೆ ತೆರೆಸಿದ ಅಧಿಕಾರಿ ಹುಡುಗಿ ಆ ಪೊಟ್ಟಣ ಎತ್ತಿ, ಈ ಪುಡಿ ಏನು ಎಂದಳು. ಬಿಳಿ ಪುಡಿಯೊಂದಿಗೆ ಸಿಕ್ಕಿಬಿದ್ದವರ ಸುದ್ದಿಗಳೆಲ್ಲ ಒಟ್ಟಿಗೇ ನೆನಪಾದವು. "ಆಶ್" ಎಂದೆ. ಅವಳ ಮುಖ ಮೆತ್ತಗಾಯಿತು. ಪೊಟ್ಟಣವನ್ನು ಎರಡೂ ಕೈಯಲ್ಲಿ ಹಿಡಿದು, ತೀರಿಕೊಂಡವರು ಹತ್ತಿರದವರೇ ಎಂದು ಕೇಳಿದಳು.

ಅದು ಯಾರ ಚಿತೆಯದೂ ಅಲ್ಲ ತಾಯಿ, ಸಗಣಿ ಸುಟ್ಟು ಮಾಡಿದ್ದು ಎನ್ನಬೇಕಿತ್ತು. ಆದರೆ ಬೂದಿಗಿಂತ ಸಗಣಿ ಈ ದೇಶದಲ್ಲಿ ದೊಡ್ಡ ಅಪರಾಧ ಎಂದು ಗೋಡೆಯ ಮೇಲಿನ ಚಿತ್ರಗಳೇ ಸಾರುತ್ತಿದ್ದವು. ಕಣ್ಣಲ್ಲಿ ನೀರು ತುಂಬಿತು. ಅವಳು ಅದನ್ನೇ ಉತ್ತರ ಎಂದುಕೊಂಡು, ಸಂತಾಪ ಹೇಳಿ, ಪೊಟ್ಟಣವನ್ನು ಸೀರೆಗಳ ನಡುವೆ ಮೆಲ್ಲಗೆ ಮಲಗಿಸಿದಳು. ಹೊರಗೆ ಬಂದು ಬಹಳ ಹೊತ್ತು ಹಿಂತಿರುಗಿ ನೋಡುತ್ತಲೇ ನಡೆದೆ. ಯಾರಾದರೂ ಓಡಿಬಂದು ಭುಜ ಹಿಡಿಯುತ್ತಾರೆ ಎಂದೇ ಅನಿಸುತ್ತಿತ್ತು.

ಉಳಿದುಕೊಂಡದ್ದು ಫಿಲೋಮಿನಾ ಬಾಯಿಯವರ ಮನೆಯಲ್ಲಿ. ಉಡುಪಿ ಹತ್ತಿರದ ಶಿರ್ವದ ಕಡೆಯವರು. ಗಂಡ ಹೆಂಡತಿ ಕುವೈತಿನಲ್ಲಿ ದುಡಿದು, ಅಲ್ಲಿಂದ ಇಲ್ಲಿಗೆ ಬಂದು ಸಣ್ಣ ಅಂಗಡಿ ತೆರೆದವರು. ಅಡುಗೆ ಕೋರ್ಸು ಓದಲು ಬಂದ ಮಾದೇಶ ಹೊಟ್ಟೆಪಾಡಿಗೆ ಮೊದಲು ಸೇರಿದ್ದು ಆ ಅಂಗಡಿಗೆ. ಗಂಡ ಈಗ ಇಲ್ಲ. ಬಾಯಿಯವರೇ ಕುಳಿತು ನಡೆಸುತ್ತಾರೆ.

ಮಧ್ಯಾಹ್ನ ಒಬ್ಬಳೇ ಅವರ ಬೀದಿಯಲ್ಲಿ ನಡೆದೆ. ಮನೆಗಳೆಲ್ಲ ಇವೆ, ಕಾರುಗಳಿವೆ, ಒಂದು ನರಪಿಳ್ಳೆಯಿಲ್ಲ. ನಮ್ಮೂರಿನಲ್ಲಿ ಬೀದಿ ಹೀಗೆ ಬಿಕೋ ಎನ್ನುವುದು ಕರ್ಫ್ಯೂ ಹಾಕಿದಾಗ ಮಾತ್ರ. ಅರ್ಧ ದಾರಿಯಲ್ಲೇ ತಿರುಗಿಬಂದೆ. ಅಂಗಡಿಗೆ ಬಂದರೆ ಅಲ್ಲೊಬ್ಬ ಆರಡಿ ಬಿಳಿಯ ಬರಿಗಾಲಲ್ಲಿ ನಿಂತು ಹಾಲು ಕೊಳ್ಳುತ್ತಿದ್ದ. ನಮ್ಮ ಕಡೆ ಬರಿಗಾಲಲ್ಲಿ ಹೊರಟವನು ಬೆಟ್ಟಕ್ಕೆ ಹರಕೆ ಹೊತ್ತವನು. ನಾನು ಸುಮ್ಮನೆ ಪಕ್ಕಕ್ಕೆ ಸರಿದು ದಾರಿ ಬಿಟ್ಟೆ. "ಹರಕೆಯೂ ಇಲ್ಲ, ಎಂತದೂ ಇಲ್ಲ. ಚಪ್ಪಲಿ ಹಾಕ್ಲಿಕ್ಕೆ ಉದಾಸೀನ ಇವರಿಗೆ" ಎಂದು ಬಾಯಿಯವರು ನಕ್ಕರು.

ರಾತ್ರಿ ಮನೆಯಲ್ಲಿ ಮಾದೇಶನ ಮಾತು ತೆಗೆದೆ. ಅವರ ಮುಖ ಅರಳಿತು.

"ನಿಮ್ಮ ತಮ್ಮ ಇಲ್ಲಿ ಎಂತ ಮಾಡ್ತಿದ್ದ ಗೊತ್ತುಂಟಾ? ಬೇಳೆ ತೂಗಿ ಕೊಟ್ಟ ಮೇಲೆ ಮತ್ತೆ ಒಂದು ಮುಷ್ಟಿ ಬೇಳೆ ಹಾಕುದು. ಮೆಣಸು ತಕೊಂಡವರಿಗೆ ಕರಿಬೇವು ಸುಮ್ಮನೆ ಹಾಕುದು. ನಮ್ಮವರಿಗೆ ತಲೆ ಕೆಟ್ಟುಹೋಗಿ ದಿನಾ ಬಯ್ಗಳು. ಇವ ಹೇಳ್ತಾನೆ, ಇದು ಕೊಸರು ಅಂಕಲ್, ಕೊಡದಿದ್ರೆ ನನ್ನಪ್ಪ ನಿದ್ದೆಯಲ್ಲಿ ಬಂದು ಬಯ್ತಾರೆ ಅಂತ. ಮತ್ತೆ ನೋಡಿದ್ರೆ ಗಿರಾಕಿ ಎಲ್ಲ ಇವನನ್ನೇ ಹುಡುಕಿಕೊಂಡು ಬರುದು."

ಅವನಿಗೆ ಈ ಚುನಾವಣೆ ಬೇಡ ಎಂದು ನೀವಾದರೂ ಒಂದು ಮಾತು ಹೇಳಿ ಎಂದು ಕೇಳಿಕೊಂಡೆ.

"ಹೇಳಿದೆ ಮಾರಾಯ್ರೆ. ನನಗೂ ಹೆದರಿಕೆ ಉಂಟು. ಅಂಗಡಿಯವನಿಗೆ ಎಲ್ಲರೂ ಬೇಕು. ರಾಜಕೀಯಕ್ಕೆ ಇಳಿದ ಮೇಲೆ ಅರ್ಧ ಜನ ಆಚೆ, ಅರ್ಧ ಜನ ಈಚೆ. ಅವ ಕೇಳುದಿಲ್ಲ. ಅಡಿಲೇಡಲ್ಲಿ ಅಷ್ಟು ಆದ ಮೇಲೂ..." ಎಂದವರು ಥಟ್ಟನೆ ಮಾತು ನಿಲ್ಲಿಸಿ, ಒಲೆಯ ಮೇಲೆ ಏನೋ ಇದೆ ಎಂದು ಎದ್ದುಹೋದರು. ಒಲೆಯ ಮೇಲೆ ಏನೂ ಇರಲಿಲ್ಲ.

ಅಡಿಲೇಡ್

ಅಷ್ಟು ಎಂದರೆ ಎಷ್ಟು? ಪರ್ತಿನಿಂದ ಅಡಿಲೇಡಿನವರೆಗೂ ವಿಮಾನದಲ್ಲಿ ನನಗೆ ಇದೇ ಯೋಚನೆ. ಕೆಳಗೆ ಕೆಂಪು ಮರುಭೂಮಿ ಮುಗಿಯುವುದೇ ಇಲ್ಲ. ಒಂದು ಮರವಿಲ್ಲ, ಒಂದು ಊರಿಲ್ಲ. ಇಂಥ ಜಾಗವನ್ನು ದಾಟಿ ಒಬ್ಬನೇ ಅಂಗಡಿ ಇಡಲು ಹೊರಟನಲ್ಲ ಎಂದು ಕಿಟಕಿಯ ಪರದೆ ಎಳೆದುಬಿಟ್ಟೆ.

ಅಡಿಲೇಡು ಅಚ್ಚುಕಟ್ಟಾದ ಊರು. ಸುಧಾಳ ಚಿಕ್ಕಪ್ಪನ ಮನೆಯವರು ಅಲ್ಲಿದ್ದಾರೆ. ಊರು ತೋರಿಸುತ್ತೇವೆ ಎಂದರು. ಊರು ಇರಲಿ, ಮಾದೇಶನ ಹಳೆಯ ಅಂಗಡಿ ತೋರಿಸಿ ಎಂದೆ. ಅವನು ಸ್ವಂತವಾಗಿ ತೆರೆದ ಮೊದಲ ಅಂಗಡಿ ಅದು. ಈಗ ಅಲ್ಲಿ ನಾಯಿಗಳಿಗೆ ಕೂದಲು ಕತ್ತರಿಸುತ್ತಾರೆ. ಗಾಜಿನೊಳಗೆ ಒಂದು ನಾಯಿ ಮದುಮಗನ ಹಾಗೆ ಕುಳಿತಿತ್ತು. ಪಕ್ಕದ ಮಳಿಗೆಯಲ್ಲಿ ಬಟ್ಟೆ ರಿಪೇರಿ ಮಾಡುವ ಗ್ರೀಕ್ ಅಜ್ಜಿಯೊಬ್ಬಳು ಹೊಲಿಗೆ ಯಂತ್ರದ ಮುಂದೆ ಇದ್ದಳು. ಹೆಸರು ಸೋಫಿಯಾ. ನಾನು ಮಾದೇಶನ ಅಕ್ಕ ಎಂದದ್ದೇ ತಡ, ಎದ್ದು ಬಂದು ಎರಡೂ ಕೆನ್ನೆಗೆ ಮುತ್ತಿಟ್ಟಳು. ಹೈಸ್ಕೂಲಿನಲ್ಲಿ ನನಗೆ ಯಾರೂ ಹಾಗೆ ಮಾಡಿರಲಿಲ್ಲ. ಗಾಬರಿಯಾಯಿತು.

ಹೊರಗಿನ ಬೆಂಚಿನ ಮೇಲೆ ನನ್ನನ್ನು ಕೂರಿಸಿ, ಇದು ನಿನ್ನ ತಮ್ಮನ ಬೆಂಚು ಎಂದಳು. ಅವಳ ಇಂಗ್ಲಿಷೂ ನನ್ನ ಇಂಗ್ಲಿಷೂ ಹೆಚ್ಚುಕಡಿಮೆ ಒಂದೇ ಮಟ್ಟದ್ದಾದ್ದರಿಂದ ಎಲ್ಲ ಚೆನ್ನಾಗಿ ಅರ್ಥವಾಯಿತು. ಅಂಗಡಿಗಳ ಮುಂದೆ ವಯಸ್ಸಾದವರು ಕೂರುತ್ತಿದ್ದ ಬೆಂಚನ್ನು ಕೌನ್ಸಿಲಿನವರು ಕಿತ್ತುಕೊಂಡು ಹೋದರಂತೆ. ಎಲ್ಲರೂ ಗೊಣಗಿದರು. ಮಾದೇಶ ಮಾತ್ರ ಕೌನ್ಸಿಲ್ ಸಭೆಗೆ ಹೋಗಿ ಎದ್ದು ನಿಂತನಂತೆ. ಇಂಗ್ಲಿಷು ತಡವರಿಸಿ, ಕೊನೆಗೆ, ನನ್ನ ಗಿರಾಕಿಗಳ ಮಂಡಿ ನಿಮ್ಮ ಮಂಡಿಯಷ್ಟು ಗಟ್ಟಿಯಿಲ್ಲ ಸ್ವಾಮಿ ಎಂದನಂತೆ. ಸಭೆ ನಕ್ಕಿತು, ಬೆಂಚು ವಾಪಸು ಬಂತು. ಅಂದಿನಿಂದ ಬೀದಿ ದೀಪ ಹೋದರೂ ಕಸ ಉಳಿದರೂ ಜನ ಅವನ ಅಂಗಡಿಗೇ ಬಂದು ಹೇಳತೊಡಗಿದರು. ಅವನಿಗೆ ಹುಳ ಹೊಕ್ಕದ್ದು ಎಲ್ಲಿ ಎಂದು ನನಗೆ ಗೊತ್ತಾಯಿತು.

"ಆಮೇಲೆ?" ಎಂದೆ.

ಸೋಫಿಯಾ ಅಜ್ಜಿ ನಾಯಿ ಅಂಗಡಿಯ ಗಾಜಿನ ಕಡೆ ಕೈ ತೋರಿಸಿದಳು. ಒಂದು ಬೆಳಿಗ್ಗೆ ಬಂದು ನೋಡಿದರೆ ಆ ಗಾಜು ಪುಡಿಪುಡಿ. ಒಳಗೆ ಇಟ್ಟಿಗೆ. ಯಾರು, ಯಾಕೆ ಎಂಬುದು ಇಂದಿಗೂ ಗೊತ್ತಿಲ್ಲ. ಪೊಲೀಸರು ಬಂದು ನೋಡಿ ಹೋದರು. ಮಾದೇಶ ಗಾಜು ಗುಡಿಸಿ ಅಂದೂ ಅಂಗಡಿ ತೆರೆದ. ಆದರೆ ಆ ಮೇಲೆ ಬಾಗಿಲ ಕಡೆ ಬೆನ್ನು ಮಾಡಿ ನಿಲ್ಲುವುದನ್ನೇ ಬಿಟ್ಟನಂತೆ. ಸ್ವಲ್ಪ ಕಾಲಕ್ಕೆ ಅಂಗಡಿ ಮುಚ್ಚಿ ಬ್ರಿಸ್ಬೇನಿಗೆ ಹೋದ.

ನಮಗೆ ಅವನು ಹೇಳಿದ್ದು ಅಡಿಲೇಡಿನ ಚಳಿ ಒಗ್ಗಲಿಲ್ಲ ಅಂತ. ಅವ್ವ ಸ್ವೆಟರು ಹೆಣೆಸಿ ಕಳಿಸಿದ್ದಳು. ಸೀಮೆಎಣ್ಣೆ ನಮ್ಮೂರಲ್ಲೇ ಇರಲಿ, ಈ ದೇಶ ಬೇರೆ ಎಂದು ನನ್ನ ಮನಸ್ಸಿನ ಮೂಲೆಯಲ್ಲಿ ಒಂದು ಧೈರ್ಯವಿತ್ತು. ಅದು ಆ ಬೆಂಚಿನ ಮೇಲೆ ಹೋಯಿತು. ಈಗ ಅವನನ್ನು ಬಿಡಿಸಿಯೇ ತೀರಬೇಕು ಎಂದು ಹಟ ಬಂತು.

ಬ್ರಿಸ್ಬೇನ್

ವಿಮಾನ ನಿಲ್ದಾಣದಿಂದ ಮನೆಗೆ ಹೋಗುವ ದಾರಿಯಲ್ಲಿ, ಅವನ ವಾರ್ಡು ಬಂದದ್ದೇ, ಬೇಲಿ ಬೇಲಿಗೂ ನನ್ನ ತಮ್ಮನ ಮುಖ. ನಗುತ್ತಿದ್ದಾನೆ. ಕೆಳಗೆ ದಪ್ಪ ಅಕ್ಷರದಲ್ಲಿ "ಮ್ಯಾಡಿ" ಎಂದಿದೆ.

"ಇದೇನೋ ಇದು? ಹುಚ್ಚ ಅಂತ ನಿಂಗೆ ನೀನೇ ಬೋರ್ಡ್ ಹಾಕ್ಕೊಂಡಿದೀಯಾ?"

"ಮಾದೇಶ ಅನ್ನಕ್ಕೆ ಇವ್ರಿಗೆ ನಾಲಗೆ ಹೊರಳಲ್ಲ ಕಣಕ್ಕ. ಇಲ್ಲಿ ಎಲ್ಲಾನೂ ತುಂಡು ಮಾಡ್ತಾರೆ. ಆಫ್ಟರ್‌ನೂನ್‌ಗೆ ಆರ್ವೋ, ಪೆಟ್ರೋಲ್ ಬಂಕ್‌ಗೆ ಸರ್ವೋ, ನಂಗೆ ಮ್ಯಾಡಿ."

ಮನೆ ಸೇರಿ ಕೈಕಾಲು ತೊಳೆದವಳೇ ಮಾತಿಗೆ ಕುಳಿತೆ. ಅಡಿಲೇಡಿನ ಇಟ್ಟಿಗೆಯಿಂದ ಶುರು ಮಾಡಿ ಅಪ್ಪನವರೆಗೂ ಹೋದೆ. ಕೊನೆಗೆ ಅತ್ತೂಬಿಟ್ಟೆ. ಅವನು ತಲೆ ತಗ್ಗಿಸಿ ಎಲ್ಲ ಕೇಳಿ, "ಈಗ ಏನೂ ಮಾಡಕ್ಕಾಗಲ್ಲ ಅಕ್ಕ. ನಾಮಿನೇಷನ್ ವಾಪಸ್ ತಗೊಳೋ ಡೇಟ್ ಮುಗ್ದೋಯ್ತು. ಬ್ಯಾಲೆಟ್ ಪೇಪರ್ ಪ್ರಿಂಟ್ ಆಗ್ಬಿಟ್ಟಿದೆ. ಶನಿವಾರ ವೋಟಿಂಗು" ಎಂದ.

ಆಗ ತಲೆಗೆ ಹೊಳೆಯಿತು. ನಾನು ಬಂದ ದಾರೀಲೇ ಬಾ ಎಂದು ಪರ್ತು, ಅಡಿಲೇಡು ಸುತ್ತಿಸಿದ್ದು ಇದಕ್ಕೇ! ದಿನಸಿ ಅಂಗಡಿಯವನ ಬುದ್ಧಿ. ಸಿಟ್ಟಿನಲ್ಲಿ ಅಂದು ಊಟ ಮಾಡಲಿಲ್ಲ. "ಅವ್ರು ಯಾರ ಮಾತೂ ಕೇಳಲ್ಲ ಅತ್ತಿಗೆ. ನಾನೂ ಹೇಳಿ ಹೇಳಿ ಸಾಕಾದೆ" ಎಂದು ಸುಧಾ ಮೊಸರನ್ನ ತಂದಿಟ್ಟಳು. ಅದನ್ನು ಮಾತ್ರ ತಿಂದೆ.

ಮರುದಿನ ತನ್ವಿಯ ಜೊತೆ ಕಾರಿನಲ್ಲಿ ಹೋಗುವಾಗ ರೈಲ್ವೆ ಸ್ಟೇಷನ್ನಿನ ಹತ್ತಿರ ಅವನ ಬೋರ್ಡೊಂದು ಕಂಡಿತು. ಎರಡೂ ಕಣ್ಣು ಕೊರೆದು ತೆಗೆದಿದ್ದರು. ಅಡ್ಡಲಾಗಿ ಕಪ್ಪು ಬಣ್ಣದಲ್ಲಿ ಊರಿಗೆ ಹೋಗು ಎಂದು ಇಂಗ್ಲಿಷಿನಲ್ಲಿ ಗೀಚಿದ್ದರು. ಆ ತೂತುಗಳಿಂದ ಹಿಂದಿನ ಹುಲ್ಲು ಕಾಣುತ್ತಿತ್ತು.

"ಯಾರು ಮಾಡಿದ್ದು ಇದನ್ನ?" ಎಂದೆ.

"ಜಸ್ಟ್ ಸಮ್ ಈಡಿಯಟ್, ಅತ್ತೆ. ಡೋಂಟ್ ಟೆಲ್ ಅಪ್ಪ, ಓಕೆ?" ಎಂದಳು. ಕನ್ನಡದಲ್ಲಿ ಕೇಳಿದ್ದಕ್ಕೆ ಇಂಗ್ಲಿಷಿನಲ್ಲಿ ಉತ್ತರ ಕೊಡುವುದು ಅವಳ ಪದ್ಧತಿ. ಹಾಗೆಂದವಳೇ ಕಾರಿನ ಬಾಗಿಲುಗಳಿಗೆಲ್ಲ ಲಾಕು ಹಾಕಿದಳು.

ಅಂಗಡಿ

ಬಿಡಿಸಲು ಆಗದಿದ್ದ ಮೇಲೆ ಕಾಯುವುದೊಂದೇ ಉಳಿದದ್ದು. ಮಾದೇಶ ಮನೆ ಮನೆಗೆ ಪ್ರಚಾರಕ್ಕೆ ಹೋದಾಗ ನಾನು ಸುಧಾಳ ಜೊತೆ ಅಂಗಡಿಯಲ್ಲಿ ಕುಳಿತೆ. ಬಾಗಿಲ ಕಡೆ ಮುಖ ಮಾಡಿಯೇ ಕುಳಿತೆ. ಟೊಪ್ಪಿ ಹಾಕಿದವರು ಯಾರು ಬಂದರೂ ಅನುಮಾನ. ಆ ಬಿಸಿಲಲ್ಲಿ ಎಲ್ಲರೂ ಟೊಪ್ಪಿ ಹಾಕುತ್ತಾರೆ.

ಬರುವವರಲ್ಲಿ ನಮ್ಮವರು ಬಹಳ. ಬೆಂಗಳೂರು, ಮೈಸೂರಿನವರು, ರೈಲಿಳಿದು ಸುಸ್ತಾಗಿ ಬಂದು ಹುಣಸೆಹಣ್ಣು ಕೇಳುವವರು. ಕನ್ನಡ ಕಿವಿಗೆ ಬಿದ್ದದ್ದೇ ನನ್ನ ಹೆದರಿಕೆ ಒಂದಿಷ್ಟು ಇಳಿಯಿತು. ಅದೇ ತಪ್ಪಾಯಿತು. ಸಾಮಾನು ಕಟ್ಟಿ ಕೊಡುವಾಗ ಕೈ ತಾನಾಗಿಯೇ ಕರಿಬೇವಿನ ಬುಟ್ಟಿಗೆ ಹೋಗುತ್ತಿತ್ತು. ಬ್ರಿಸ್ಬೇನಿನ ಇನ್ನೊಂದು ಬಡಾವಣೆ ಸನ್ನಿಬ್ಯಾಂಕಿನ ಮಾರುಕಟ್ಟೆಯಿಂದ ಮಾದೇಶ ತಂದಿಟ್ಟ ಕರಿಬೇವು. ಇಲ್ಲಿ ಅದು ಚಿನ್ನ. ಒಂದು ಹಿಡಿ ಮುರಿದು ಚೀಲಕ್ಕೆ ಹಾಕಿ, "ಇದು ಕೊಸರು ಕಣಮ್ಮ, ಇಟ್ಕೋ. ಶನಿವಾರ ನಮ್ಮ ಹುಡುಗನ್ನ ಮರೀಬೇಡಿ" ಎನ್ನುತ್ತಿದ್ದೆ. ಅಪ್ಪನ ಗಲ್ಲಾದ ಪಕ್ಕ ಕುಳಿತು ಕೇಳಿದ್ದ ಮಾತು. ನಾಲಗೆಗೆ ಅಷ್ಟು ಸುಲಭ.

ಎಷ್ಟು ಜನಕ್ಕೆ ಹಾಗೆ ಕೊಟ್ಟೆನೋ. ಮಾರನೆಯ ದಿನ ಮಾದೇಶ ಬಿಳಿಚಿಕೊಂಡು ಬಂದು ಫೋನು ಮುಂದೆ ಹಿಡಿದ. ಅದರಲ್ಲಿ ನಾನು! ಸರತಿಯಲ್ಲಿ ನಿಂತ ಯಾರೋ ತೆಗೆದ ವಿಡಿಯೋ. ಕರಿಬೇವು ಹಾಕುತ್ತಿದ್ದೇನೆ, ನಗುತ್ತಿದ್ದೇನೆ, ಹುಡುಗನ್ನ ಮರೀಬೇಡಿ ಎನ್ನುತ್ತಿದ್ದೇನೆ. ಆ ಬಡಾವಣೆಯ ಜನರೆಲ್ಲ ನೋಡುವ ಗುಂಪಿನಲ್ಲಿ ಹಾಕಿ, ಮತದಾರರಿಗೆ ಲಂಚ ಎಂದು ಬರೆದಿದ್ದರು.

"ಒಂದು ಹಿಡಿ ಸೊಪ್ಪು ಲಂಚಾನೇನೋ?" ಎಂದೆ.

"ಅಂಗಡಿಯವ್ನು ಕೊಟ್ರೆ ಕೊಸರು ಅಕ್ಕ. ಕ್ಯಾಂಡಿಡೇಟ್ ಕೊಟ್ರೆ ಲಂಚಾನೇ. ಇಲ್ಲಿ ವೋಟ್ ಕೇಳ್ತಾ ಒಂದು ಚಾಕ್ಲೇಟ್ ಕೊಡಂಗಿಲ್ಲ. ಎಲೆಕ್ಷನ್ ಆಫೀಸಿಂದ ಫೋನ್ ಬಂದಿತ್ತು. ನಾಳೆ ಬಾ ಅಂದಿದಾರೆ."

ತಮ್ಮನನ್ನು ಕಾಯಲು ಬಂದವಳು ನಾನೇ ಅವನ ಕುತ್ತಿಗೆಗೆ ಹಗ್ಗ ಹಾಕಿದ್ದೆ. ಅವನನ್ನು ಜೈಲಿಗೆ ಹಾಕುತ್ತಾರೋ, ನನ್ನನ್ನು ಗಡೀಪಾರು ಮಾಡುತ್ತಾರೋ, ಅಂಗಡಿಗೆ ಬೀಗ ಜಡಿಯುತ್ತಾರೋ. ಪರ್ತಿನ ಬೂದಿಯ ಪೊಟ್ಟಣವೂ ಸೇರಿ ನನ್ನ ಅಪರಾಧಗಳು ಒಂದರ ಮೇಲೊಂದು ಪೇರಿಸಿಕೊಂಡು ನಿಂತವು.

ಕಚೇರಿ

ನಾನೂ ಬರುತ್ತೇನೆ ಎಂದೆ. ಬೇಡ ಎಂದ. ಕೊಟ್ಟ ಕೈ ನನ್ನದು ಎಂದೆ. ಹೋದೆವು.

ಕಚೇರಿಯಲ್ಲಿ ನನ್ನ ವಯಸ್ಸಿನವಳೇ ಒಬ್ಬಳು ಅಧಿಕಾರಿ. ಮುಖದಲ್ಲಿ ಸಿಟ್ಟಿಲ್ಲ, ನಗುವೂ ಇಲ್ಲ. ನಮ್ಮ ಕಡೆ ಅಧಿಕಾರಿ ಮೇಜು ಗುದ್ದಿದರೆ ಎಷ್ಟು ಕೋಪ ಬಂದಿದೆ ಎಂದಾದರೂ ತಿಳಿಯುತ್ತದೆ. ಇವಳು ನೀರು ಕೊಟ್ಟು, ಕೂರಿಸಿ, ತಣ್ಣಗೆ ಕೇಳಿದಳು. ಅದರಿಂದ ಇನ್ನೂ ಭಯವಾಯಿತು. ಮಾದೇಶ ಉಮೇದುವಾರ, ಅವನು ನನ್ನ ಮಾತನ್ನು ಇಂಗ್ಲಿಷಿಗೆ ಹೇಳುವಂತಿಲ್ಲವಂತೆ. ಫೋನಿನಲ್ಲಿ ದುಭಾಷಿಯೊಬ್ಬಳನ್ನು ಕರೆದರು. ಅತ್ತ ಕಡೆಯಿಂದ ಬಂದದ್ದು ಧಾರವಾಡದ ಕಡೆಯ ಕನ್ನಡ.

"ಅಮ್ಮಾರ, ಕೊಸರು ಅಂದ್ರ ಏನಂತ ಕೇಳಾಕತ್ತಾರ್ರೀ ಅವರು."

"ಕೊಸರು ಅಂದ್ರೆ ಕೊಸರು ತಾಯಿ. ನಿಮ್ಗೆ ಗೊತ್ತಿಲ್ವಾ?"

"ನನಗ ಗೊತ್ತೈತ್ರೀ. ಇಂಗ್ಲೀಷಿನ್ಯಾಗ ಏನನ್ಲಿ? ಫ್ರೀ ಅಂತ ಹೇಳ್ಲೇನ್ರಿ?"

"ಅಯ್ಯೋ, ಫ್ರೀ ಅನ್ಬೇಡಿ!" ನಾನು ಕುರ್ಚಿಯಿಂದ ಅರ್ಧ ಎದ್ದೆ. ಮಾದೇಶ ಕಣ್ಣು ಮುಚ್ಚಿಕೊಂಡ.

ಉಡುಗೊರೆ ಎಂದರೂ ಕುತ್ತು, ಇನಾಮು ಎಂದರೂ ಕುತ್ತು. ನೀರು ಕುಡಿದು, ಪಾಠ ಮಾಡುವವಳ ಹಾಗೆ ನಿಧಾನವಾಗಿ ಹೇಳಿದೆ. ಅಂಗಡಿಯವನು ಎಷ್ಟೇ ನಿಗಾ ಇಟ್ಟು ತೂಗಲಿ, ತಕ್ಕಡಿ ಒಂದು ಕೂದಲೆಳೆ ಅವನ ಕಡೆಗೇ ವಾಲಿರಬಹುದು. ಗಿರಾಕಿಯ ಋಣ ತನಗೆ ಅಂಟಬಾರದು ಎಂದು ಅವನು ಹೆದರುತ್ತಾನೆ. ಆ ಹೆದರಿಕೆಗೆ ಮೇಲೊಂದು ಹಿಡಿ ಹಾಕುತ್ತಾನೆ. ಅದು ಕೊಸರು. ಕೊಂಡುಕೊಳ್ಳಲು ಕೊಡುವುದಲ್ಲ, ಉಳಿಸಿಕೊಳ್ಳಬಾರದು ಎಂದು ಕೊಡುವುದು.

ದುಭಾಷಿ ಬಹಳ ಹೊತ್ತು ಇಂಗ್ಲಿಷಿನಲ್ಲಿ ಹೇಳಿದಳು. ಅಧಿಕಾರಿ ಪೆನ್ನು ಕೆಳಗಿಟ್ಟು ಆಲೋಚಿಸಿ ಒಂದು ಪ್ರಶ್ನೆ ಕೇಳಿದಳು.

"ಅಮ್ಮಾರ... ಹಂಗಾದ್ರ ಇವರ ಅಂಗಡಿ ತಕ್ಕಡಿ ಸರಿ ಇಲ್ಲೇನು ಅಂತ ಕೇಳಾಕತ್ತಾರ್ರೀ."

ಲಂಚದಿಂದ ಬಿಡಿಸಲು ಹೋಗಿ ಕಳ್ಳತೂಕಕ್ಕೆ ಸಿಕ್ಕಿಸಿದ್ದೆ. ಸರಿಯಿದೆ, ಸರಿಯಿದೆ, ಸರ್ಕಾರದ ಮುದ್ರೆಯಿದೆ ಎಂದು ನಾನೂ ಮಾದೇಶನೂ ಎರಡು ಭಾಷೆಯಲ್ಲಿ ಒಟ್ಟಿಗೇ ಕೂಗಿದೆವು. ಆಗ ಆ ಹೆಂಗಸಿನ ತುಟಿ ಒಂದಿಷ್ಟು ಅಲುಗಿತು. ನಕ್ಕಳೆಂದು ಆಣೆ ಮಾಡಿ ಹೇಳಲಾರೆ.

ಶನಿವಾರದವರೆಗೆ ಅಂಗಡಿಯಲ್ಲಿ ಕೊಸರೂ ಇಲ್ಲ, ಓಟಿನ ಮಾತೂ ಇಲ್ಲ ಎಂದು ಹೇಳಿ ಕಳಿಸಿದಳು. ದೂರು ಮುಗಿಯಿತೇ ಎಂದು ಮಾದೇಶ ಕೇಳಿದ. ಮುಗಿದಿಲ್ಲ, ನೋಡುತ್ತೇವೆ ಎಂದಳು.

ನಾನು ಮತ್ತೆ ಅಂಗಡಿಯಲ್ಲಿ ಬಾಯಿ ಬಿಡಲಿಲ್ಲ. ಸಾಮಾನು ಕೊಂಡವರು ಚೀಲದೊಳಗೆ ಇಣುಕಿ, "ಅಂಕಲ್, ಕರಿಬೇವು?" ಎಂದರೆ ಮಾದೇಶ ಪೆಚ್ಚಾಗಿ ನಗುತ್ತಿದ್ದ. ಕೆಲವರು ಮುಖ ಊದಿಸಿಕೊಂಡು ಹೋದರು. ವಿಡಿಯೋ ಹಾಕಿದವರು ಯಾರೆಂದು ಕೊನೆಗೂ ತಿಳಿಯಲಿಲ್ಲ. ಕನ್ನಡ ಬಲ್ಲವರೇ ಎಂಬುದು ಮಾತ್ರ ಖಂಡಿತ. ಆ ಯೋಚನೆ ಕಣ್ಣು ಕೊರೆದ ಬೋರ್ಡಿಗಿಂತ ಹೆಚ್ಚು ಚುಚ್ಚಿತು.

ಶನಿವಾರ, ಶಾಲೆಯ ಗೇಟು

ಮತದಾನದ ಬೆಳಿಗ್ಗೆ, ಮತದಾರರಿಗೆ ಹಂಚುವ ಪ್ರಚಾರದ ಚೀಟಿಗಳ ಕಟ್ಟು ತರಲು ಅಂಗಡಿಗೆ ಹೋದೆವು. ಗಾಜಿನ ಬಾಗಿಲ ಮೇಲೆ ಬಕೆಟ್ಟುಗಟ್ಟಲೆ ಕೆಂಪು ಬಣ್ಣ ಎರಚಿದ್ದರು. ಇನ್ನೂ ಇಳಿಯುತ್ತಿತ್ತು. ಮಾದೇಶ ಪೊಲೀಸಿಗೆ ಫೋನು ಮಾಡಿದ, ಸುಧಾಳನ್ನೂ ತನ್ವಿಯನ್ನೂ ಅಲ್ಲಿಯೇ ಬಿಟ್ಟು ನನ್ನನ್ನು ಕೂರಿಸಿಕೊಂಡು ಹೊರಟ.

ಮತಗಟ್ಟೆ ಒಂದು ಪ್ರಾಥಮಿಕ ಶಾಲೆ. ಗೇಟಿನ ಮುಂದೆ ಕಾರು ನಿಲ್ಲಿಸಿದ, ಇಳಿಯಲಿಲ್ಲ. ಸ್ಟಿಯರಿಂಗ್ ಬಿಡದೆ ಅಳತೊಡಗಿದ. ಇಷ್ಟು ದಿನ ಇವನಿಗೆ ಭಯವೇ ಇಲ್ಲ ಎಂದುಕೊಂಡಿದ್ದೆ. ನನಗೆ ಕಾಣದ ಹಾಗೆ ಇಟ್ಟುಕೊಂಡಿದ್ದ, ಅಷ್ಟೆ.

"ನೀನ್ ಹೇಳಿದ್ದೇ ಸರಿ ಅಕ್ಕ. ನನ್ ಕೈಲಾಗಲ್ಲ. ಬೋರ್ಡಿಗೆ ಮಾಡಿದ್ರು, ಬಾಗ್ಲಿಗೆ ಮಾಡಿದ್ರು. ನಾಳೆ ತನ್ವಿ ಒಬ್ಳೇ ಟ್ರೇನ್‌ನಲ್ಲಿ ಬರೋವಾಗ... ಬೇಡ. ವಾಪಸ್ ಹೋಗ್ಬಿಡಣ. ಪೇಪರಲ್ಲಿ ಹೆಸ್ರು ಇರುತ್ತೆ, ಇರ್ಲಿ. ನಾನು ಅಲ್ಲಿ ನಿಲ್ಲಲ್ಲ."

ಇದೇ ಮಾತು ಕೇಳಲು ನಾನು ಸಮುದ್ರ ದಾಟಿ ಬಂದದ್ದು. ಸರಿ ನಡಿ ಎಂದರೆ ಮುಗಿಯುತ್ತಿತ್ತು. ಆದರೆ ಎದುರಿಗಿದ್ದದ್ದು ಶಾಲೆಯ ಗೇಟು. ಎಸ್ಸೆಸ್ಸೆಲ್ಸಿ ಪರೀಕ್ಷೆಯ ಬೆಳಿಗ್ಗೆ ಗೇಟಿನ ಹತ್ತಿರ ಅತ್ತು ಕೂತ ಮಕ್ಕಳನ್ನು ನಾನು ಎಷ್ಟು ನೋಡಿಲ್ಲ! ಅಲ್ಲಿಂದ ಮನೆಗೆ ಹಿಂತಿರುಗಿದ ಮಗು ಮತ್ತೆ ಯಾವ ಗೇಟಿಗೂ ಬರುವುದಿಲ್ಲ. ಫೇಲಾದವರು ಬರುತ್ತಾರೆ, ಹಿಂತಿರುಗಿದವರು ಬರುವುದಿಲ್ಲ. ಏನು ಹೇಳುತ್ತಿದ್ದೇನೆ ಎಂದು ಗೊತ್ತಾಗುವ ಮೊದಲೇ ಹಳೆಯ ಗದರಿಕೆ ಬಾಯಿಗೆ ಬಂದಿತ್ತು.

"ಇಳಿ. ಕಣ್ಣೊರೆಸ್ಕೊಂಡು ಇಳಿ ಮೊದ್ಲು. ಫೇಲಾದ್ರೆ ಆಗು, ಯಾರೂ ಕೇಳಲ್ಲ. ಗೇಟಿಂದ ವಾಪಸ್ ಹೋದ್ರೆ ನಾನ್ ನಿನ್ ಮುಖ ನೋಡಲ್ಲ. ನಾನೂ ನಿನ್ ಪಕ್ಕದಲ್ಲೇ ಇರ್ತೀನಿ, ಇಳಿ!"

ಅವನು ನನ್ನ ಮುಖವನ್ನೇ ನೋಡಿದ. ನಾನು ಈ ಕಡೆಯಿಂದ ಇಳಿದು, ಸುತ್ತಿ ಬಂದು, ಅವನ ಬಾಗಿಲು ತೆರೆದು ಹಿಡಿದೆ. ಇಳಿದ.

ಅಂದು ಇಡೀ ದಿನ ಅಲ್ಲಿ ನಿಂತೆವು. ಒಬ್ಬ ಪೊಲೀಸನಿಲ್ಲ, ಒಂದು ಲಾಠಿಯಿಲ್ಲ. ನಮ್ಮೂರಿನ ಮತಗಟ್ಟೆಯಲ್ಲಿ ಬಂದೂಕು ಹಿಡಿದವರನ್ನು ಕಂಡು ಬೆಳೆದ ನನಗೆ ಆ ಖಾಲಿ ಗೇಟೇ ದಿಗಿಲು. ಒಂದು ಕಡೆ ಸಾಸೇಜು ಸುಡುತ್ತಿದ್ದರು. ಚಡ್ಡಿ ಹಾಕಿದವರು, ನಾಯಿ ಹಿಡಿದವರು, ಬರಿಗಾಲಿನವರು ಎಲ್ಲ ಬಂದು ಓಟು ಹಾಕಿ, ತಿನ್ನುತ್ತ ಹೋದರು. ಓಟು ಹಾಕದಿದ್ದರೆ ದಂಡವಂತೆ. ಹಾಕುವುದು ಪೆನ್ಸಿಲಿನಲ್ಲಿ ಎಂದು ಕೇಳಿ, ಅಳಿಸಿಬಿಟ್ಟರೆ ಏನು ಗತಿ ಎಂದು ಅದೊಂದು ಹೊಸ ಭಯ ಹತ್ತಿಕೊಂಡಿತು. ಮಾದೇಶ ಮೊದಮೊದಲು ಚೀಟಿ ಚಾಚಲೂ ಹಿಂಜರಿದ. ಅವನ ಕೈಯಿಂದ ಅರ್ಧ ಕಟ್ಟು ತೆಗೆದುಕೊಂಡು ನಾನೇ ಹಂಚಲು ಶುರು ಮಾಡಿದೆ. "ಮೈ ಬ್ರದರ್" ಎಂಬುದಷ್ಟೇ ನನ್ನ ಭಾಷಣ.

ಟೊಪ್ಪಿಯ ಮನುಷ್ಯನೊಬ್ಬ ಚೀಟಿ ತೆಗೆದುಕೊಂಡು, ನನ್ನ ಕಣ್ಣನ್ನೇ ನೋಡುತ್ತ, ನಾಲ್ಕು ತುಂಡು ಮಾಡಿ ಕಾಲ ಬಳಿ ಹಾಕಿದ. ಇವನೇ ಬಣ್ಣ ಎರಚಿದವನಿರಬೇಕು ಎನಿಸಿತು. ಇರಲಿಕ್ಕಿಲ್ಲ. ಬಗ್ಗಿ ತುಂಡುಗಳನ್ನು ಆಯ್ದು ಏಳುವಷ್ಟರಲ್ಲಿ ಮಾದೇಶ ನನ್ನ ಮುಂದೆ ಬಂದು ನಿಂತಿದ್ದ. "ಗುಡ್ ಮಾರ್ನಿಂಗ್ ಮೇಟ್" ಎಂದ, ಗಟ್ಟಿಯಾಗಿ. ಆ ಮನುಷ್ಯ ಒಳಗೆ ಹೋದ. ಅಲ್ಲಿಂದ ಮುಂದೆ ಸಂಜೆ ಬಾಗಿಲು ಹಾಕುವವರೆಗೂ ಮಾದೇಶ ಕೂರಲಿಲ್ಲ.

ಭಾನುವಾರ

ಸೋತ. ಮೂರನೆಯವನಾಗಿ ಸೋತ. ದೂರಿನ ಬಗ್ಗೆ ಕಚೇರಿಯಿಂದ ಏನೂ ಬಂದಿರಲಿಲ್ಲ. ಬಾಗಿಲಿಗೆ ಬಣ್ಣ ಎರಚಿದವರೂ ಸಿಕ್ಕಿರಲಿಲ್ಲ. ತನ್ವಿಯನ್ನು ಸ್ಟೇಷನ್ನಿನಿಂದ ಕಾರಿನಲ್ಲೇ ಕರೆತರಬೇಕು ಎಂದು ನಾನೂ ಸುಧಾಳೂ ತೀರ್ಮಾನ ಮಾಡಿದೆವು. ಸೋತರೆ ಹೆದರಿಕೆ ಹೋಗುತ್ತದೆ ಎಂದುಕೊಂಡಿದ್ದೆ. ಹೋಗಲಿಲ್ಲ.

ಚುನಾವಣೆ ಮುಗಿದ ಮೇಲೆ ಅವರವರ ಬೋರ್ಡು ಅವರವರೇ ಕೀಳಬೇಕಂತೆ. ಮಾದೇಶನೂ ನಾನೂ ಕಾರಿನಲ್ಲಿ ಬೇಲಿ ಬೇಲಿಗೂ ಹೋಗಿ ಕಿತ್ತು ಹಿಂದಿನ ಸೀಟಿಗೆ ತುಂಬುತ್ತಿದ್ದೆವು. ಅಷ್ಟರಲ್ಲಿ ಅವ್ವನ ಫೋನು. ವಾರವಿಡೀ ಅವಳಿಗೆ ಏನೋ ಒಂದು ನೆಪ ಹೇಳಿ ತಪ್ಪಿಸಿಕೊಂಡಿದ್ದೆ. ಇನ್ನು ಆಗಲಿಲ್ಲ. ಕಾರಿನ ಸ್ಪೀಕರಿನಲ್ಲಿ ಅವಳ ದನಿ ತುಂಬಿಕೊಂಡಿತು.

"ಏನವ್ವಾ, ಒಂದ್ ಮಾತು ಹೇಳ್ಬಾರ್ದಾ? ಜೀವ ಕೈಲಿ ಹಿಡ್ಕಂಡು ಕೂತಿವ್ನಿ. ಎಲೆಕ್ಸನ್‌ಗೆ ಹೋಗ್ದಂಗೆ ಅವುನ್ನ ನಿಲ್ಲಿಸ್ದ್ಯಾ ಇಲ್ವಾ?"

ಮಾದೇಶ ಕಾರು ಪಕ್ಕಕ್ಕೆ ಹಾಕಿ ನನ್ನ ಕಡೆ ತಿರುಗಿದ.

"ನಿಲ್ಲಿಸ್ದೆ ಕಣವ್ವ" ಎಂದೆ.

"ಕೇಳುದ್ನಾ ನಿನ್ ಮಾತ?"

"ಮೊದ್ಲು ಆಗಲ್ಲ ಅಂದ. ಗದರಿದೆ. ಆಮೇಲೆ ನಿಂತ."

"ಒಳ್ಳೆ ಕೆಲ್ಸ ಮಾಡ್ದೆ ಬುಡು" ಎಂದಳು ಅವ್ವ.